ಸೊಲ್ಲು ಹಿಡಿಯುವವನು

ಸಭಾಂಗಣದ ಕುರ್ಚಿ ಇಷ್ಟು ಮೆತ್ತಗಿರಬಾರದಿತ್ತು ಎಂದು ಕೂತ ಕೂಡಲೇ ಬಕ್ಕೇಶಪ್ಪನಿಗೆ ಅನ್ನಿಸಿತು. ಮೆತ್ತನೆ ಕುರ್ಚಿಯಲ್ಲಿ ಕೂತವನ ಬೆನ್ನು ಬಾಗುತ್ತದೆ, ಬೆನ್ನು ಬಾಗಿದರೆ ಹೊಟ್ಟೆ ಮಡಚಿಕೊಳ್ಳುತ್ತದೆ, ಹೊಟ್ಟೆ ಮಡಚಿಕೊಂಡರೆ ಉಸಿರು ಮೇಲೇಳುವುದಿಲ್ಲ. ಇದು ಹಾಡಲು ಕೂತವನು ಯೋಚಿಸಬೇಕಾದ ವಿಚಾರ, ಕೇಳಲು ಬಂದವನ ಉಸಿರು ಎದ್ದರೇನು ಬಿದ್ದರೇನು ಎಂದು ಆಮೇಲೆ ಹೊಳೆಯಿತು. ಹೊಳೆದದ್ದಕ್ಕೇ ಸಿಟ್ಟು ಬಂತು. ಪಕ್ಕದಲ್ಲಿ ಹೆಂಡತಿ ಉಚ್ಚೆಂಗೆಮ್ಮ ಸೆರಗು ಹೊದ್ದುಕೊಂಡು, ತಣ್ಣನೆ ಗಾಳಿ ಬಿಡುವ ತೂತು ಎಲ್ಲಿದೆ ಎಂದು ತಲೆ ಎತ್ತಿ ಹುಡುಕುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ದಾವಣಗೆರೆಯ ಮಂಡಕ್ಕಿ ಭಟ್ಟಿಯ ಬೆಂಕಿ ಮುಂದೆಯೇ ಬದುಕಿದವಳಿಗೆ ಏಪ್ರಿಲ್ ತಿಂಗಳಲ್ಲಿ ಚಳಿಯಾಗುವುದು ತಮಾಷೆಯಾಗಿ ಕಂಡಿತ್ತು.

“ಬಾಯಿ ಬಿಟ್ಟೀಯ ಮತ್ತೆ,” ಎಂದಳು. “ಆ ಹುಡುಗಿಗೆ ಮಾತು ಕೊಟ್ಟೀಯ.”

“ನಾನೇನು ಸಣ್ಣ ಹುಡುಗನೇನು?”

“ಸಣ್ಣ ಹುಡುಗ ಆಗಿದ್ರೆ ಬಾಯಿಗೆ ಬಾಳೆಹಣ್ಣು ತುರುಕಿ ಕೂಡ್ರಿಸ್ತಿದ್ದೆ.”

ಆ ಹುಡುಗಿ ಎಂದರೆ ಮಹೀನ್, ಇವತ್ತು ಹಾಡಲಿರುವ ನಬೀ ಸಾಬರ ಮೊಮ್ಮಗಳು. ಗುರುವಾರ ಹರಿಹರದಿಂದ ಸ್ಕೂಟರಿನಲ್ಲಿ ಬಂದು, ಭಟ್ಟಿಯ ಹೊಗೆಯೊಳಗೆ ಕಣ್ಣು ಉಜ್ಜಿಕೊಳ್ಳುತ್ತ ನಿಂತು ಎರಡು ಪಾಸು ಕೈಗಿಟ್ಟಿದ್ದಳು. ಬಕ್ಕೇಶಪ್ಪ ಆಗ ಕಾದ ಮರಳಿಗೆ ಅಕ್ಕಿ ಸುರಿದಿದ್ದ. ಅಕ್ಕಿ ಅರಳುವಾಗ ಕೈ ನಿಲ್ಲಿಸಬಾರದು. ನಿಲ್ಲಿಸಿದ.

“ಮಾಮ, ಅಜ್ಜ ಕಳಿಸ್ಯಾರೆ. ಮುಂದಿನ ಸಾಲು. ಅತ್ತೀನೂ ಕರ್ಕೊಂಡು ಬರ್ರಿ.”

“ನಿಮ್ಮಜ್ಜಗೆ ಫೋನು ಮಾಡಾಕೆ ಬರಲ್ಲೇನು?”

“ಮಾತಾಡಿದ್ರೆ ಕೆಮ್ಮು ಬರತೈತೆ. ಉಸಿರು ಉಳಿಸ್ಕೊಳ್ರಿ ಅಂತ ನಾವೇ ಫೋನು ಕಸ್ಕೊಂಡೀವಿ.” ಅವಳು ಹೊಗೆಯಿಂದ ಒಂದು ಹೆಜ್ಜೆ ಈಚೆ ಸರಿದಳು. “ಒಂದು ಮಾತು ಹೇಳ್ತೀನಿ, ಬೈಬ್ಯಾಡ್ರಿ. ಇದೇ ಕೊನೇದು ಅಂದಾರೆ ಡಾಕ್ಟ್ರು. ಇದಾದ ಮ್ಯಾಲೆ ಹಾಡಂಗಿಲ್ಲ. ಹಳೇ ಪದಾನ ಸುರುತಿ ಇಳಿಸಿ, ನಿಧಾನ ಮಾಡಿ, ಹೊಸದಾಗಿ ಕಲ್ತಾರೆ, ಪಾಪ, ಈ ವಯಸ್ಸಿನಾಗೆ. ನೀವು ಕೆಳಗೆ ಕೂತು ಸೊಲ್ಲು ಹಿಡೀಬ್ಯಾಡ್ರಿ. ನಿಮ್ಮ ದನಿ ಕಿವಿಗೆ ಬಿತ್ತು ಅಂದ್ರೆ ಕಲ್ತಿದ್ದೆಲ್ಲ ಹೊಳಿ ಪಾಲು.”

“ನಾನ್ಯಾಕ ಹಿಡೀಲಿ? ನನಗೇನು ಹುಚ್ಚೇನು?”

“ಮಾತು ಕೊಡ್ರಿ ಮಾಮ.”

ಅವನು ಕೊಟ್ಟ. ಬಾಣಲೆಯಲ್ಲಿದ್ದ ಅಕ್ಕಿ ಕರಿಕಾಗಿತ್ತು. ಮಾಲೀಕ ನೋಡಿದರೆ ಬೈಯುತ್ತಾನೆಂದು ಅದನ್ನು ಬೂದಿಯಲ್ಲಿ ಮುಚ್ಚಿದ. ಈ ವಯಸ್ಸಿನಲ್ಲಿ ತಾನು ಒಂದು ಸೇರು ಅಕ್ಕಿಯನ್ನು ಕಳ್ಳನ ಹಾಗೆ ಮುಚ್ಚುತ್ತಿದ್ದೇನಲ್ಲ ಅನ್ನಿಸಿ, ಆ ಸಿಟ್ಟನ್ನು ಸಂಜೆ ಹೆಂಡತಿಯ ಮೇಲೆ ತೀರಿಸಿದ. ಅವಳು ಸಾರು ಬಡಿಸಿ ಒಳಗೆ ಹೋದಳು.

ಭಜನೆ ಮೇಳದಲ್ಲಿ ಮುಂದೆ ಹಾಡುವವನಿಗೆ ಹೆಸರು. ಅವನ ಸಾಲಿನ ತುದಿಯನ್ನು ಎತ್ತಿಕೊಂಡು ತಿರುಗಿ ಹಾಡುವವನಿಗೆ ಹೆಸರಿಲ್ಲ, ಅವನು ಸೊಲ್ಲು ಹಿಡಿಯುವವನು, ಅಷ್ಟೇ. ಆದರೆ ಮುಂದಿನವನು ಉಸಿರು ಎಳೆದುಕೊಳ್ಳುವುದು ಹಿಂದಿನವನ ದನಿಯ ಮರೆಯಲ್ಲಿ. ಅವನ ಉಸಿರು ಎಲ್ಲಿ ಮುಗಿಯುತ್ತದೆ ಎಂಬುದು ಅವನಿಗಿಂತ ಮೊದಲು ಇವನಿಗೆ ತಿಳಿಯಬೇಕು, ತಿಳಿದದ್ದು ಕೇಳುವ ಜನಕ್ಕೆ ತಿಳಿಯಬಾರದು. ಆನಗೋಡಿನಲ್ಲಿ ಒಂದು ಸಾವಿನ ಮನೆಯಲ್ಲಿ, ಗೋಡೆಗೆ ಒರಗಿಸಿ ಕೂರಿಸಿದ ಹೆಣದ ಎದುರು, ನಬೀ ಸಾಬರ ದನಿ ಮೇಲಕ್ಕೆ ಹೋಗಿ ಹೋಗಿ ಹಠಾತ್ತನೆ ಇಲ್ಲವಾದಾಗ, ಕುಕ್ಕುವಾಡದಿಂದ ತಾಳ ಹಾಕಲು ಬಂದಿದ್ದ ಬಕ್ಕೇಶಪ್ಪ ತನಗೇ ತಿಳಿಯದೆ ಆ ತುದಿಯನ್ನು ಹಿಡಿದಿದ್ದ. ಹೆಣ ಎತ್ತಿದ ಮೇಲೆ ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತ ಅವರು, “ನೆಲಕ್ಕೆ ಬೀಳಗೊಡಲಿಲ್ಲ ನೀನು. ಇನ್ನು ಮ್ಯಾಲೆ ನನ್ನ ಎಡಕ್ಕೆ ಕೂಡ್ರು,” ಎಂದಿದ್ದರು. ಆಗಿನ್ನೂ ಮದುವೆಯಾಗಿರಲಿಲ್ಲ. ಮದುವೆಯಾಯಿತು, ಮಕ್ಕಳಾದವು, ಭಟ್ಟಿ ಸೇರಿದ, ಕೂದಲು ಉದುರಿತು. ಅವರ ಎಡಕ್ಕೆ ಕೂರುವುದು ಮಾತ್ರ ಬದಲಾಗಲಿಲ್ಲ, ಕಳೆದ ಮಳೆಗಾಲದವರೆಗೆ.

“ಯಜಮಾನ್ರೆ, ಸ್ವಲ್ಪ ಏಳ್ರಿ.” ಕುತ್ತಿಗೆಗೆ ಗುರುತಿನ ಚೀಟಿಯ ಪಟ್ಟಿ ಹಾಕಿಕೊಂಡ ಒಬ್ಬ ಹೆಂಗಸು ನಿಂತಿದ್ದಳು. “ಈ ಸಾಲು ಗೆಸ್ಟ್‌ಗಳಿಗೆ.”

“ನಮಗೆ ಪಾಸ್ ಕೊಟ್ಟಾರೆ. ಮುಂದಿನ ಸಾಲು ಅಂತ ಬರದೈತೆ ನೋಡ್ರಿ.”

“ಬರದೈತೆ, ಇಲ್ಲ ಅನ್ನಲ್ಲ. ಈಗ ಡಿ.ಸಿ. ಆಫೀಸಿನವರು ಬಂದಾರೆ. ಹಿಂದೆ ಮೂರನೇ ಸಾಲಿನಾಗೆ ಕೂಡ್ರಿ, ಅಲ್ಲೂ ಚೆಂದ ಕೇಳತೈತೆ.”

“ಚೆಂದ ಕೇಳ್ಸಾದು ಎಲ್ಲಿ ಅಂತ ನೀನು ನನಗೆ ಹೇಳ್ತೀಯ?” ಅವನ ದನಿ ಏರಿತು. ನಾಲ್ಕು ತಲೆ ತಿರುಗಿದವು. ಉಚ್ಚೆಂಗೆಮ್ಮ ಆಗಲೇ ಎದ್ದು, ಚೀಲ ತೆಗೆದುಕೊಂಡು ಮೂರನೇ ಸಾಲಿಗೆ ಹೋಗಿ ಕೂತಿದ್ದಳು. ಹೆಂಡತಿ ಹೋಗಿ ಕೂತ ಮೇಲೆ ನಿಂತು ಜಗಳವಾಡುವ ಗಂಡಸಿನಷ್ಟು ನಗೆಪಾಟಲಿನ ವಸ್ತು ಬೇರೊಂದಿಲ್ಲ. ಹೋದ. ಮೂರನೇ ಸಾಲಿನ ಕುರ್ಚಿಯೂ ಅಷ್ಟೇ ಮೆತ್ತಗಿತ್ತು.

ವೇದಿಕೆಯ ಹಿಂದೆ ನಬೀ ಸಾಬರ ಮುಖ ಒಂದು ಕೋಣೆಯಷ್ಟು ದೊಡ್ಡದಾಗಿ ಬೆಳಗುತ್ತಿತ್ತು. ಕೆಳಗೆ ‘ಹಿರಿಯ ಸೋಲ್ ಗಾಯಕ ನಬೀ ಸಾಬ್ ಮತ್ತು ಗೆಳೆಯರು’ ಎಂದು ಬರೆದಿತ್ತು. ತತ್ವಪದ ಹಾಡುವವರಿಗೆ ಇದೆಂಥ ಹೆಸರು ಎಂದು ಅವನು ಕಳೆದ ಮಳೆಗಾಲದಲ್ಲಿ ನಬೀ ಸಾಬರ ಹರಿಹರದ ಮನೆಯಲ್ಲೇ ಕೇಳಿದ್ದ. ಗಿಟಾರಿನ ಹುಡುಗ ಅಶ್ವಥ್, ದೇವರಾಜ ಅರಸು ಬಡಾವಣೆಯವನು, ಬಿಡಿಸಿ ಹೇಳಿದ್ದ. ಅಮೆರಿಕದಲ್ಲಿ ಕರಿಯರು ಚರ್ಚಿನಲ್ಲಿ ಹಾಡುತ್ತಿದ್ದರಂತೆ, ಒಬ್ಬ ಕರೆಯುತ್ತಾನೆ, ಉಳಿದವರು ಓ ಅನ್ನುತ್ತಾರೆ, ಅದೇ ಬೆಳೆದು ಸೋಲ್, ಅಂದರೆ ಆತ್ಮದ ಹಾಡು, ಆಯಿತಂತೆ, ಅದೂ ಅಜ್ಜನದೂ ಒಂದೇ ಹೊಟ್ಟೆಯ ಮಕ್ಕಳಂತೆ. ಬಕ್ಕೇಶಪ್ಪನಿಗೆ ಆ ಮಾತು ಹಿಡಿಸಿತ್ತು. ಹಾಗಾದರೆ ಅಲ್ಲಿಯೂ ಒಬ್ಬ ಸೊಲ್ಲು ಹಿಡಿಯುವವನು ಇದ್ದಾನೆ, ಅವನೂ ಹಗಲು ಎಲ್ಲೋ ಬೆಂಕಿ ಮುಂದೆ ನಿಂತು ಗಂಟಲು ಒಣಗಿಸಿಕೊಳ್ಳುತ್ತಿರಬೇಕು ಎಂದುಕೊಂಡಿದ್ದ. ಆದರೆ ಅದೇ ಹುಡುಗ ಆಮೇಲೆ ಕಾಲ ಬಳಿ ಇದ್ದ ಒಂದು ಪೆಟ್ಟಿಗೆಯನ್ನು ಒತ್ತಿದ. ನಬೀ ಸಾಬರು ಹಾಡಿದ ಸಾಲು ಅವರದೇ ದನಿಯಲ್ಲಿ ತಿರುಗಿ ಬಂತು. ಮತ್ತೆ ಬಂತು. ಎಷ್ಟು ಸಲ ಬೇಕಾದರೂ ಬರುತ್ತದೆ, ಸುಸ್ತಾಗುವುದಿಲ್ಲ ಎಂದ. ನಬೀ ಸಾಬರು ಮಗುವಿನ ಹಾಗೆ ಕಣ್ಣರಳಿಸಿ, “ಇನ್ನೊಮ್ಮೆ ಒತ್ತು, ಇನ್ನೊಮ್ಮೆ,” ಎಂದರು.

“ಇದೇ ಸೊಲ್ಲು ಹಿಡಿತೈತೆ ಅಂದ್ರೆ ನನ್ನ ಯಾಕ ಕರೆಸಿದ್ರಿ? ಭಟ್ಟಿ ಬಿಟ್ಟು ಬಂದೀನಿ ನಾನು. ಈ ಡಬ್ಬೀನ ಎಡಕ್ಕೆ ಇಟ್ಕೊಂಡು ಹಾಡ್ರಿ!”

“ಕೂಡೋ ಬಕ್ಕ್ಯಾ. ಹುಡುಗ್ರು ಏನೋ ಆಟ ಆಡ್ತಾವೆ, ನಾವೂ ಆಡಾಣ.”

“ನಂದು ಆಟ ಆಡೋ ವಯಸ್ಸಲ್ಲ.”

ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದ. ಹೊಳೆಯ ಸೇತುವೆಯವರೆಗೆ ಹೋಗಿ ನಿಂತ. ಕೆಂಪು ನೀರು ಕಂಬಗಳಿಗೆ ಬಡಿಯುತ್ತಿತ್ತು. ಯಾರಾದರೂ ಹಿಂದೆ ಬಂದು ಕರೆಯುತ್ತಾರೆ ಎಂದುಕೊಂಡಿದ್ದ. ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ದಾವಣಗೆರೆಯ ಬಸ್ಸುಗಳನ್ನು ಒಂದೊಂದಾಗಿ ಬಿಟ್ಟ, ಅಲ್ಲಿಗಾದರೂ ಬಂದರೆ ಸಿಗಲಿ ಎಂದು. ಕೊನೆಗೆ ಹತ್ತಿದಾಗ ಕಂಡಕ್ಟರ್, “ಏನು ಯಜಮಾನ್ರೆ, ಇಡೀ ಡಿಪೋನೇ ಖರೀದಿ ಮಾಡಾಕೆ ನೋಡ್ತಿದ್ರೇನು?” ಎಂದು ಎಲ್ಲರೆದುರು ನಗಿಸಿದ್ದ. ಆಮೇಲೆ ಅವನಾಗಿ ಹೋಗಲಿಲ್ಲ. ಅವರಾಗಿ ಕರೆಯಲಿಲ್ಲ. ಕರೆದಿದ್ದರೂ ಇನ್ನೊಂದು ಸಲ ಬೈದು ಬರುತ್ತಿದ್ದ, ಅದು ಅವನಿಗೇ ಗೊತ್ತಿತ್ತು.

ದೀಪ ಆರಿ, ವೇದಿಕೆಯಲ್ಲಿ ಒಂದೇ ದೀಪ ಹತ್ತಿತು. ಮಹೀನ್ ಅಜ್ಜನ ಕೈ ಹಿಡಿದು ಕರೆತಂದಳು. ಬಿಳಿ ಜುಬ್ಬಾ ಅವರ ಮೈಮೇಲೆ ಗೂಟಕ್ಕೆ ಹಾಕಿದ ಹಾಗಿತ್ತು. ಯಾವತ್ತೂ ನೆಲದ ಮೇಲೆ ಕೂತೇ ಹಾಡಿದ ಮನುಷ್ಯನನ್ನು ಕುರ್ಚಿಯಲ್ಲಿ ಕೂರಿಸಿ, ಏಕತಾರಿಯನ್ನು ಕೈಗೆ ಕೊಟ್ಟಳು. ಬಲಕ್ಕೆ ಅಶ್ವಥ್, ಅವನ ಹಿಂದೆ ಡ್ರಮ್ಮಿನವನು, ಬಲ ತುದಿಗೆ ಕ್ಲಾರಿಯೋನೆಟ್ ಹಿಡಿದ ರಜಾಕ್, ಮದುವೆ ಬ್ಯಾಂಡಿನವನು, ಇವತ್ತು ಬ್ಯಾಂಡಿನ ಕೆಂಪು ಕೋಟಿಲ್ಲದೆ ಬೋಳುಬೋಳಾಗಿ ಕಾಣುತ್ತಿದ್ದ. ಮಹೀನ್ ಮೈಕಿನೆದುರು ನಿಂತಳು. ಬಕ್ಕೇಶಪ್ಪ ನಬೀ ಸಾಬರ ಎಡಗಡೆಯನ್ನು ನೋಡಿದ. ಅಲ್ಲಿ ಖಾಲಿ ನೆಲವಿತ್ತು, ವೈರು ಹಾಯ್ದುಹೋಗಿತ್ತು.

ಬೀಳಲಿ ಎಂಬ ಮಾತು ಆಗ ಅವನೊಳಗೆ ಹುಟ್ಟಿತು. ಯಾರೋ ಕಿವಿಯಲ್ಲಿ ಹೇಳಿದಷ್ಟು ಸ್ಪಷ್ಟವಾಗಿ. ನಡುವೆ ಉಸಿರು ಕಟ್ಟಲಿ, ಈ ಜನರೆಲ್ಲರ ಎದುರಿಗೆ ಬೀಳಲಿ, ಡಬ್ಬಿ ಎತ್ತುತ್ತದೋ ನೋಡೋಣ. ಆ ಮುದುಕನ ಎದೆ ಏಳುವುದು ಇಲ್ಲಿಗೂ ಕಾಣುತ್ತಿತ್ತು. ತನ್ನ ಮಗಳಿಗೆ ಜ್ವರ ನೆತ್ತಿಗೇರಿದಾಗ ಹರಿಹರದಿಂದ ಸೈಕಲ್ಲಿನಲ್ಲಿ ಬಂದು ಆಸ್ಪತ್ರೆಯ ವರಾಂಡದಲ್ಲಿ ರಾತ್ರಿಯೆಲ್ಲ ಕೂತ ಮನುಷ್ಯ ಅದು. ಅಂಥವನು ಬೀಳಲಿ ಅನ್ನುವವನು ಎಂಥ ಹಲ್ಕಟ್ ಇರಬೇಕು. ಬೀಳಬಾರದು ಎಂದು ಮನಸ್ಸಿನಲ್ಲೇ ಹೇಳಿಕೊಂಡ. ಹೇಳಿಕೊಂಡಷ್ಟೂ ಇನ್ನೊಂದು ಮಾತು ಅದರ ಬೆನ್ನಿಗೇ ಬರುತ್ತಿತ್ತು, ಸೊಲ್ಲು ಹಿಡಿದ ಹಾಗೆ.

ಮೊದಲ ಹಾಡು ಶುರುವಾಯಿತು. ತಪ್ಪು ಹುಡುಕಲು ಕಿವಿ ನಿಮಿರಿಸಿ ಕೂತವನು ಸ್ವಲ್ಪ ಹೊತ್ತಿನಲ್ಲಿ ಹುಡುಕುವುದನ್ನು ಮರೆತ. ನಬೀ ಸಾಬರ ದನಿ ಕೆಳಗಿಳಿದಿತ್ತು, ಅರ್ಧ ಹಾಡು ಅರ್ಧ ಮಾತು, ಹಳೆಯ ಕಂಬಳಿಯ ಹಾಗೆ ಒರಟಾಗಿ ಬೆಚ್ಚಗೆ. ಅವರು ಸಾಲು ಮುಗಿಸಿ ಸುಮ್ಮನಾದರೆ ಗಿಟಾರು ಅವಸರ ಮಾಡದೆ, ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳುವ ನೆಂಟನ ಹಾಗೆ ಬರುತ್ತಿತ್ತು. ರಜಾಕನ ಕ್ಲಾರಿಯೋನೆಟ್ ಮದುವೆ ಮನೆಯ ಚೆಲ್ಲಾಟವನ್ನೆಲ್ಲ ಬಿಟ್ಟು ಒಂದೇ ಸ್ವರದ ಮೇಲೆ ನಿಂತು ಅತ್ತಿತು. ಮಹೀನ್ ಓ ಎಂದಳು, ಮಾತಿಲ್ಲದ ಬರೀ ಓ, ಅದು ಅಜ್ಜನ ದನಿಯ ಸುತ್ತ ಹೊಗೆಯ ಹಾಗೆ ಸುತ್ತಿ ಮೇಲಕ್ಕೆ ಹೋಯಿತು. ಬಕ್ಕೇಶಪ್ಪನ ಅಂಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದರೂ ಈ ದನಿಯನ್ನು ತಾನು ಒಂದು ದಿನವೂ ಕೇಳಿಯೇ ಇರಲಿಲ್ಲ ಎಂದು ಅವನಿಗೆ ಅನ್ನಿಸಿತು. ಕೇಳಲು ಪುರುಸೊತ್ತೆಲ್ಲಿತ್ತು? ಅದು ಯಾವಾಗ ಮುಗಿಯುತ್ತದೆ ಎಂದು ಕಾಯುವುದೇ ಕೆಲಸವಾಗಿತ್ತು. ಹೀಗೆ ಬರೀ ಕೇಳುವುದೂ ಒಂದು ಸುಖ, ಯಾರ ಉಸಿರಿನ ಹೊಣೆಯೂ ಇಲ್ಲದ ಸುಖ. ಕಣ್ಣು ತುಂಬಿ ಬಂತು. ಉಚ್ಚೆಂಗೆಮ್ಮ ಓರೆಗಣ್ಣಿನಲ್ಲಿ ನೋಡಿ, “ಚೆಂದೈತೆ ಅಲ್ಲ?” ಎಂದಳು.

“ಇದೇನು ಹಾಡೇನು,” ಎಂದ ಅವನು. “ಸುರುತೀನೇ ಇಲ್ಲ.”

“ಹೌದು ಬಿಡು. ಅದಕ್ಕೇ ಮೂಗು ಸೋರ್ತೈತೆ ನಿಂದು.”

ನಡುವೆ ನಬೀ ಸಾಬರು ಮಾತಾಡಿದರು. ಪದ ಕಲಿಸಿದ ಗುರುವನ್ನು ನೆನೆದರು. ಕಾರ್ಖಾನೆಯಲ್ಲಿ ಲೇತ್ ತಿರುಗಿಸುತ್ತ ಅದರ ಸದ್ದಿಗೆ ಪದ ಕಟ್ಟಿದ್ದನ್ನು ಹೇಳಿದರು. ಜನ ನಕ್ಕರು. ಅಶ್ವಥನನ್ನು, ರಜಾಕನನ್ನು, ಡ್ರಮ್ಮಿನವನನ್ನು, ಮೊಮ್ಮಗಳನ್ನು, ಚಹಾ ತಂದುಕೊಟ್ಟವನನ್ನೂ ಹೆಸರಿಟ್ಟು ಕರೆದರು. ಬಕ್ಕೇಶಪ್ಪ ಬೆನ್ನು ನೆಟ್ಟಗೆ ಮಾಡಿದ. ಅವನ ಹೆಸರು ಬರುವ ಜಾಗ ಬಂತು, ಹೋಯಿತು. “ಮೈಮೇಲೆ ಎರಡು ಕೈ ಐದಾವೆ ಅಂತ ಯಾರಾದ್ರೂ ಸಭೆಯಾಗೆ ಹೇಳ್ತಾರೇನು? ಹಂಗೆ ಅದು,” ಎಂದು ಅವನೇ ತನಗೆ ಹೇಳಿಕೊಂಡ. ಮರುಕ್ಷಣ, ಮರೆತಿದ್ದಾನೆ ಮುದುಕ, ಮರೆತೇಬಿಟ್ಟಿದ್ದಾನೆ ಎಂದುಕೊಂಡ. ಎರಡೂ ನಿಜವೆನ್ನಿಸಿತು. ಎದ್ದುಹೋಗೋಣವೆಂದರೆ ಆ ಕುರ್ಚಿ ಬಿಡಲಿಲ್ಲ.

ಕೊನೆಯದು ಎಂದರು. ಏಕತಾರಿ ಮೀಟುವ ಮೊದಲೇ ಯಾವ ಪದ ಎಂದು ಅವನಿಗೆ ತಿಳಿಯಿತು.

‘ಬಾಗಿಲಿಲ್ಲದ ಮನಿಗೆ ಬೀಗ ಹಾಕಿದವರ್ಯಾರ…’

ನಿಧಾನವಾಗಿ, ಬಹಳ ನಿಧಾನವಾಗಿ. ತಾವಿಬ್ಬರೂ ಇದನ್ನು ಹಾಡುತ್ತಿದ್ದದ್ದು ಓಡುವ ಬಂಡಿಯ ಹಾಗೆ. ಒಬ್ಬ ಎಸೆದದ್ದನ್ನು ಇನ್ನೊಬ್ಬ ಹಿಡಿದು, ಹಿಡಿದದ್ದನ್ನು ತಿರುಗಿ ಎಸೆದು, ಕೊನೆಗೆ ಯಾರು ಎಸೆದರು ಯಾರು ಹಿಡಿದರು ತಿಳಿಯದ ಹಾಗೆ. ಮೂರನೆಯ ಸಲ ‘ಯಾರ’ ಎಂದು ಮೇಲಕ್ಕೆ ಹೋಗುವಲ್ಲಿ ನಬೀ ಸಾಬರ ಉಸಿರು ಯಾವಾಗಲೂ ಮುಗಿಯುತ್ತಿತ್ತು. ಪ್ರಾಯದಲ್ಲೇ ಮುಗಿಯುತ್ತಿತ್ತು. ಆ ಜಾಗ ಬಕ್ಕೇಶಪ್ಪನದು. ಅಲ್ಲಿ ಇವರೇನು ಮಾಡಿದ್ದಾರೆ? ಡಬ್ಬಿ ಒತ್ತುತ್ತಾರೆಯೇ? ಮಹೀನ್ ಎತ್ತುತ್ತಾಳೆಯೇ? ಮೊದಲ ಸಲ ಹಾಡಿದರು. ಅವನು ಹಲ್ಲು ಕಚ್ಚಿದ. ಎರಡನೆಯ ಸಲ. ಉಚ್ಚೆಂಗೆಮ್ಮನ ಕೈ ಬಂದು ಅವನ ಮುಂಗೈ ಹಿಡಿಯಿತು. ಅವಳಿಗೂ ಆ ಜಾಗ ಗೊತ್ತಿತ್ತು.

ಮೂರನೆಯ ಸಲ ಅವರು ಮೇಲಕ್ಕೆ ಹೋದರು. ಗಿಟಾರು ನಿಂತಿತು. ಡ್ರಮ್ಮು ನಿಂತಿತು. ರಜಾಕ್ ಕ್ಲಾರಿಯೋನೆಟ್ಟನ್ನು ತುಟಿಯಿಂದ ತೆಗೆದ. ‘ಯಾರ…’ ಎಂಬುದು ತೆಳ್ಳಗಾಗುತ್ತ, ತೆಳ್ಳಗಾಗುತ್ತ, ದಾರದ ಕೊನೆಯ ಎಳೆಯಾಗಿ, ಇಲ್ಲವಾಯಿತು. ನಬೀ ಸಾಬರ ಕಣ್ಣು ಮುಚ್ಚಿತ್ತು. ಯಾರೂ ಏನೂ ಎತ್ತಿಕೊಳ್ಳಲಿಲ್ಲ. ಇದು ಬೇಕೆಂದೇ ಬಿಟ್ಟ ಮೌನ, ತಿಂಗಳುಗಟ್ಟಲೆ ಕೂತು ಕಟ್ಟಿದ ಮೌನ, ಇದರ ತುದಿಯಲ್ಲಿ ಮಹೀನ್ ಮೆಲ್ಲಗೆ ಶುರುಮಾಡುತ್ತಾಳೆ ಎಂಬುದು ಬಕ್ಕೇಶಪ್ಪನ ತಲೆಗೆ ಹೊಳೆಯಿತು. ಹೊಳೆಯಿತು ಎಂಬುದನ್ನು ಅವನಿಗೆ ಆಮೇಲೆ ಯಾವತ್ತೂ ತನ್ನಿಂದ ಮುಚ್ಚಿಟ್ಟುಕೊಳ್ಳಲಾಗಲಿಲ್ಲ. ಅಷ್ಟರಲ್ಲಿ ಅವನು ನಿಂತಿದ್ದ. ಅವನ ಗಂಟಲು ಆಗಲೇ ತೆರೆದಿತ್ತು.

‘ಬೀಗ ಹಾಕಿದವರ್ಯಾರ! ಬೀಗ ಹಾಕಿದವರ್ಯಾರ!’

ಭಟ್ಟಿಯ ಬೂದಿ ತಿಂದ ದನಿ ಗೋಡೆಗೆ ಬಡಿದು ಬಂತು. ಯಾರೋ ನಕ್ಕರು. ಯಾರೋ “ಶ್!” ಎಂದರು. ಮುಂದಿನ ಸಾಲಿನ ಫೋನುಗಳೆಲ್ಲ ಅವನ ಕಡೆ ತಿರುಗಿದವು. ಮಹೀನಳ ಬಾಯಿ ಅವಳ ಪಾಲಿನ ಮೊದಲ ಅಕ್ಷರಕ್ಕೆ ತೆರೆದದ್ದು ಹಾಗೇ ಉಳಿಯಿತು. “ಕೂಡ್ರು, ನಿನ್ನ ಕಾಲಿಗೆ ಬೀಳ್ತೀನಿ, ಕೂಡ್ರು,” ಎಂದು ಉಚ್ಚೆಂಗೆಮ್ಮ ತೋಳು ಜಗ್ಗಿದಳು.

ಕಣ್ಣು ತೆರೆಯದೆ ನಬೀ ಸಾಬರು ಎಡಕ್ಕೆ ತಿರುಗಿದರು. ದನಿ ಬಂದದ್ದು ಎದುರಿನಿಂದ, ಅವರು ತಿರುಗಿದ್ದು ಎಡಕ್ಕೆ. ಬಾಗಿದ್ದ ಬೆನ್ನು ನೆಟ್ಟಗಾಯಿತು. ಏಕತಾರಿಯ ಮೇಲಿನ ಬೆರಳು ಓಡತೊಡಗಿತು. ಅವರು ನಕ್ಕರು, ಆನಗೋಡಿನ ನಗು ಅದು, ಮತ್ತು ಹಳೆಯ ಓಟದಲ್ಲಿ, ಹಳೆಯ ಎತ್ತರದಲ್ಲಿ ಮುಂದಿನ ಸಾಲನ್ನು ಎಸೆದರು.

‘ಒಳಗ ಇದ್ದವನ ಕೂಗು ಹೊರಗ ಕೇಳಿದವರ್ಯಾರ!’

ಅಶ್ವಥ್ ಗಿಟಾರಿನ ಮೇಲೆ ಕೈ ಆಡಿಸಿ ಸಿಗದೆ ನಿಲ್ಲಿಸಿದ. ಡ್ರಮ್ಮು ಎಲ್ಲೋ ಬಡಿಯಿತು, ತಪ್ಪಿತು. “ಅಜ್ಜಾ, ಮೆಲ್ಲಕ, ಮೆಲ್ಲಕ,” ಎಂದು ಮಹೀನ್ ಅಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಅವರಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಅದೇ ಸಾಲು, ಇನ್ನೂ ಮೇಲೆ. ಅವರ ಕುತ್ತಿಗೆಯ ನರಗಳು ಏಕತಾರಿಯ ತಂತಿಗಿಂತ ಬಿಗಿದು ನಿಂತದ್ದನ್ನು ಬಕ್ಕೇಶಪ್ಪ ಮೂರನೇ ಸಾಲಿನಿಂದ ಕಂಡ. ಎಲ್ಲಿ ಮುಗಿಯುತ್ತದೆ ಎಂದು ಅವನಿಗೆ ಗೊತ್ತಾಯಿತು. ಅದು ಹಳೆಯ ಜಾಗವಾಗಿರಲಿಲ್ಲ, ಬಹಳ ಮೊದಲೇ ಇತ್ತು. ಮುಗಿಯಿತು. ‘ಕೇಳಿದ’ ಎಂಬಲ್ಲಿ ದನಿ ಹರಿದು, ಗಾಳಿ ಮಾತ್ರ ಬಂತು. ನಬೀ ಸಾಬರು ಎಡಗೈಯನ್ನು ಮೇಲೆತ್ತಿ, ಅಂಗೈ ತೆರೆದು, ಕೊಡು ಎಂಬಂತೆ ಹಿಡಿದರು.

ಅವನು ಬಾಯಿ ತೆರೆದ. ಎದೆಯಲ್ಲಿ ಉಸಿರಿತ್ತು. ಪದ ನಾಲಗೆಯ ಮೇಲಿತ್ತು. ಸುತ್ತಲೂ ಇದ್ದ ಮುಖಗಳು, ಫೋನಿನ ಸಣ್ಣ ಸಣ್ಣ ಬೆಳಕು, ಮಹೀನಳ ಕಣ್ಣು, ಇವೆಲ್ಲ ಒಂದೇ ಸಲ ಕಣ್ಣಿಗೆ ಬಿದ್ದವು. ಜೀವಮಾನದಲ್ಲಿ ತಾನು ಏನು ಮಾಡುತ್ತಿದ್ದೇನೆ ಎಂದು ಯೋಚಿಸದೆ ಮಾಡಿದ್ದು ಈ ಸೊಲ್ಲು ಹಿಡಿಯುವುದೊಂದೇ ಕೆಲಸ. ಈಗ ಯೋಚನೆ ಬಂದಿತ್ತು. ಎತ್ತಿದರೆ ಮುದುಕ ಮತ್ತೆ ಹಾಡುತ್ತಾನೆ, ಹಾಡಿದರೆ ಸಾಯುತ್ತಾನೆ. ಎತ್ತದಿದ್ದರೆ ಆ ಕೈ ಹಾಗೇ ಇರುತ್ತದೆ. ಎತ್ತಲಿಲ್ಲ. ಎತ್ತಬಾರದೆಂದು ಎತ್ತಲಿಲ್ಲವೋ, ಬರಲಿಲ್ಲವೋ.

ಮೊದಲು ಯಾರು ಚಪ್ಪಾಳೆ ತಟ್ಟಿದರೋ ತಿಳಿಯಲಿಲ್ಲ. ಹಿಂದಿನಿಂದ ಬಂತು, ಆಮೇಲೆ ಎಲ್ಲ ಕಡೆಯಿಂದ. ಕೆಳಗಿನಿಂದ ಒಬ್ಬ ಎದ್ದು ಹಾಡುವುದು, ಅದಕ್ಕೆ ಮೇಲಿನಿಂದ ಉತ್ತರ ಬರುವುದು, ತುದಿಯಲ್ಲಿ ಹೀಗೆ ಕೈ ಚಾಚಿ ನಿಲ್ಲಿಸುವುದು, ಎಲ್ಲ ಮೊದಲೇ ಮಾಡಿಟ್ಟ ಏರ್ಪಾಟು ಎಂದುಕೊಂಡು ಜನ ಎದ್ದು ನಿಂತರು. ಸಿಳ್ಳೆ ಹೊಡೆದರು. ಡಿ.ಸಿ. ಆಫೀಸಿನವರೂ ಎದ್ದರು. ಅಶ್ವಥ್ ದಿಕ್ಕು ತಿಳಿಯದೆ ತಲೆಬಾಗಿ ನಮಸ್ಕಾರ ಮಾಡಿದ. ಮಹೀನ್ ಅಜ್ಜನ ಭುಜ ಹಿಡಿದು ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಅವರು ತಲೆಯಾಡಿಸಿ, ತಡಿ ಎನ್ನುವಂತೆ ಅವಳನ್ನು ಸರಿಸಿ, ವೈರು ಹಾಯ್ದ ಆ ಖಾಲಿ ನೆಲದ ಕಡೆಗೆ ಇನ್ನಷ್ಟು ಬಾಗಿದರು. ಅಷ್ಟು ಗದ್ದಲದಲ್ಲಿ ಅವರಿಗೆ ಏನು ಕೇಳಿಸೀತು?

“ಬಾರಿಸಿದ್ರಿ ಯಜಮಾನ್ರೆ!” ಎಂದು ಮುಂದಿನವನೊಬ್ಬ ತಿರುಗಿ, ಬಕ್ಕೇಶಪ್ಪನ ಮುಖದ ಹತ್ತಿರವೇ ಕೈ ತಂದು ಚಪ್ಪಾಳೆ ತಟ್ಟಿದ. ಉಚ್ಚೆಂಗೆಮ್ಮ ತೋಳು ಬಿಟ್ಟಿದ್ದಳು. ಅವಳು ಒಬ್ಬಳೇ ಕೂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು. ಸುತ್ತ ಎಲ್ಲರೂ ಅವನನ್ನೇ ನೋಡುತ್ತಿದ್ದರು, ನಗುತ್ತಿದ್ದರು, ಏನನ್ನೋ ಕಾಯುತ್ತಿದ್ದರು. ಬಕ್ಕೇಶಪ್ಪ ತನ್ನ ಎರಡು ಕೈಗಳನ್ನು ಎತ್ತಿದ. ಅವರೆಲ್ಲರ ಜೊತೆ ಅವನೂ ತಟ್ಟತೊಡಗಿದ, ಮೊದಲು ಮೆಲ್ಲಗೆ, ಆಮೇಲೆ ಅಂಗೈ ಉರಿಯುವಷ್ಟು ಜೋರಾಗಿ.